ಐವತ್ತೆರಡರಲ್ಲಿ ಇಪ್ಪತ್ತೇಳು

ಹೋದ ವರ್ಷದ ತರಬೇತಿಗೆ ಪರದೆ ಕಟ್ಟಿದ್ದೆ,
ತೊಂಬತ್ತಾರು ಸ್ಲೈಡು ತಂದಿದ್ದೆ.
ಮೂರನೆಯದಕ್ಕೇ ಸಾಬಣ್ಣ ಮಾಸ್ತರರ ಗದ್ದ ಎದೆಗಿಳಿದಿತ್ತು.
ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ,
ನಡುವೆ ಮಂಡಾಳ ಒಗ್ಗರಣೆ, ಮಿರ್ಚಿ.
ಅಭಿಪ್ರಾಯ ಪತ್ರದಲ್ಲಿ ಎಲ್ಲರೂ ‘ಅತ್ಯುತ್ತಮ’ ಎಂದೇ ಬರೆದರು,
ಕೊನೆಯ ಟಂಟಂ ತಪ್ಪೀತೆಂದು
ಒಬ್ಬರ ಬೆನ್ನ ಮೇಲೆ ಒಬ್ಬರು ಹಾಳೆ ಇಟ್ಟು.

ಈ ವರ್ಷವೂ ಸೇಡಂ, ಅದೇ ಬಿ.ಆರ್.ಸಿ. ಕೋಣೆ.
ಕಿಟಕಿಯ ಸರಳಿಗೆ ಸಿಮೆಂಟಿನ ಬೂದಿ,
ಆಚೆ ಹೂ ಹತ್ತಿದ ತೊಗರಿ.
ನಾನು ತಂದದ್ದು ಒಂದೇ ನೋಟುಬುಕ್ಕು,
ಹೆಸರಿನ ಮೇಲೆ ಕಾಗದ ಅಂಟಿಸಿ.
ಹುಡುಗಿ ಬರೆದಂತೆಯೇ, ಗೆರೆ ಬಿಡದೆ, ಹಲಗೆಗಿಳಿಸಿದೆ:

52 − 27 = 35
64 − 38 = 34
81 − 46 = 45
82 − 57 = 35

“ಇವಳ ತಲೆಯಲ್ಲಿ ಏನು ನಡೆದಿದೆ?”
ಇಷ್ಟು ಕೇಳಿ ಕೂತೆ.
ಯೋಜನೆಯ ಹಾಳೆಯಲ್ಲಿ ನನಗೆ ನಾನೇ ಬರೆದುಕೊಂಡಿದ್ದೆ:
ಇಲ್ಲಿ ಬಾಯಿ ಮುಚ್ಚಿಕೋ. ಏಳು ನಿಮಿಷ.

“ಲಕ್ಷ್ಯ ಇಲ್ರಿ.”
“ತಾಂಡಾದ ಕೂಸಿರಬೇಕು, ಸಾಲಿಗೇ ಬರಲ್ಲ.”
“ಎಲ್ಲಾರ್ನೂ ಪಾಸ್ ಮಾಡ್ಕೋತ ಬಂದ್ರ ಹಿಂಗೇ.”
ಫ್ಯಾನು ಕರಕರ ಅನ್ನುತ್ತಿತ್ತು.
ಬಾಯಿ ತೆರೆಯದಿರಲು ನಾಲಿಗೆ ಕಚ್ಚಿ ಹಿಡಿದಿದ್ದೆ.

ಹೊಸದಾಗಿ ಬಂದ ಖೈರುನ್ನೀಸಾ ಅಂದಳು:
“ನಾಕೂ ಒಂದೇ ನಮೂನಿ ತಪ್ಪ್ಯಾವ್ರಿ ಸರ್.
ಲಕ್ಷ್ಯ ಇಲ್ದಾಕಿ ಆಗಿದ್ರ ನಾಕು ನಮೂನಿ ತಪ್ತಿದ್ಲು.”

ಕೋಣೆ ಸ್ವಲ್ಪ ಮುಂದಕ್ಕೆ ಬಾಗಿತು.
ಆಗ ಎದ್ದವರು ಸೂಗಮ್ಮ ಟೀಚರ್,
ನಿವೃತ್ತಿಗೆ ಎರಡು ವರ್ಷ, ಮೊಣಕಾಲಿಗೆ ಪಟ್ಟಿ.
ಹಲಗೆಯ ಹತ್ತಿರ ಹೋಗಿ ಏಳರ ಮೇಲೆ ಬೆರಳಿಟ್ಟರು.
“ಏಳಕ್ಕ ನಡಪಟ್ಟಿ ಕಟ್ಟೋದು
ಈ ತಾಲೂಕಿನ್ಯಾಗ ನಾನೊಬ್ಬಾಕೀನೇ.
ಇದು ನನ್ನ ಸಾಲಿ ಕೂಸು.
‘ದೊಡ್ಡದರಾಗ ಸಣ್ಣದು ಕಳೀರಿ’ ಅಂತ
ಇಪ್ಪತ್ತೆಂಟು ವರ್ಷ ಹೇಳೀನಿ.
ಎರಡರಾಗ ಏಳು ಅಂದ್ರ, ಏಳು ದೊಡ್ಡದಲ್ಲೇನ್ರಿ?
ಅಕಿ ನನ್ನ ಮಾತು ಚುಕ್ಕಿ ತಪ್ಪದಂಗ ಕೇಳ್ಯಾಳ.”

ಹುಡುಗಿಯ ಹೆಸರು ಮುಚ್ಚಿದ್ದೆ.
ಟೀಚರ ಏಳನ್ನು ಮುಚ್ಚಲು ಮರೆತಿದ್ದೆ.
ಇದಕ್ಕೆ ನನ್ನ ಹಾಳೆಯಲ್ಲಿ ಸಾಲು ಇರಲಿಲ್ಲ.
ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ ಮೆಲ್ಲಗೆ,
“ನಾನೂ ಹಂಗೇ ಹೇಳ್ತೀನ್ರಿ ಬಾಯಿಯವರೇ.”

ಸಾಬಣ್ಣ ಮಾಸ್ತರರು ಚಹಾದ ಕಾಗದದ ಕಪ್ಪು ತಂದು
ಹತ್ತು ಹತ್ತರಂತೆ ಅಟ್ಟಿ ಹಾಕಿದರು. ಐದು ಅಟ್ಟಿ, ಬಿಡಿ ಎರಡು.
“ನಮ್ಮಪ್ಪ ಖಣ್ಯಾಗ ಫರಸಿ ಎಣಸ್ತಿದ್ದ.
ಗಿರಾಕಿ ಏಳು ಬೇಡ್ಯಾನ, ಬಿಡಿ ಎರಡೇ ಅವ.
ಅಟ್ಟಿ ಒಡಿಲಾರದ ಹ್ಯಾಂಗ ಕೊಡ್ತಿ?”
ಮಧ್ಯಾಹ್ನದ ನನ್ನ ಪಾಠ ಅಲ್ಲೇ ಮುಗಿಯಿತು,
ಅವರದು ಶುರುವಾಯಿತು.
ನಾಕೂವರೆಯ ಟಂಟಂ ಹಾರ್ನು ಹೊಡೆದು ಹೊಡೆದು ಹೋಯಿತು.

ಮೂರು ವಾರಕ್ಕೆ ಸೂಗಮ್ಮನವರ ತರಗತಿಗೆ ಹೋದೆ,
ಹಿಂದೆ, ಮಕ್ಕಳ ಸಾಲಿನಲ್ಲಿ, ಫರಸಿಯ ಮೇಲೆ ಕುಂತೆ.
“ದೊಡ್ಡದರಾಗ…” ಅಂದವರು ತಟ್ಟನೆ ನಿಂತರು.
ನನ್ನತ್ತ ನೋಡಿದರು. ನಾನು ಕಿಟಕಿಯತ್ತ ನೋಡಿದೆ.
“ಅಟ್ಟಿ ಒಡಿಬೇಕೇನು, ಬ್ಯಾಡೇನು? ನೀವೇ ಹೇಳ್ರಿ.”
ಜೋಳದ ದಂಟಿನ ಕಟ್ಟು ಬಿಚ್ಚಿದ ಸದ್ದು.
ಆ ಹುಡುಗಿ ಇಪ್ಪತ್ತೈದು ಅಂದಳು,
ಮುಂದಿನ ಲೆಕ್ಕ ಮತ್ತೆ ತಪ್ಪಿದಳು,
ಏಳಕ್ಕೆ ಮಾತ್ರ ನಡಪಟ್ಟಿ ಕಟ್ಟುವುದು ತಪ್ಪಲಿಲ್ಲ.

ಜಿಲ್ಲೆಯಿಂದ ನಮೂನೆ ಬಂದಿದೆ:
ತರಬೇತಿ ಪಡೆದ ಶಿಕ್ಷಕರು ಎಷ್ಟು?
ನಲವತ್ತು ಎಂದು ಬರೆದೆ.
ಬರೆದು, ನೋಡುತ್ತ ಕೂತೆ. ನಾಲ್ಕು ಅಟ್ಟಿ,
ಬಿಡಿ ಒಂದೂ ಇಲ್ಲ.
ಒಡೆಯಬೇಕು, ಒಂದೊಂದು ಶಾಲೆಗೂ ಹೋಗಬೇಕು.
ನಾಳೆ ಸಾಬಣ್ಣ ಮಾಸ್ತರರಲ್ಲಿಗೆ.
ಗಾಡಿಯಲ್ಲಿ ಅರ್ಧ ಲೀಟರ್ ಪೆಟ್ರೋಲಿದೆ.